ಜಮೀನಿಗೆ ಲೆಕ್ಕ ಇದೆ, ಜನಕ್ಕೆ ಇಲ್ಲ: ಬೆಂಗಳೂರಿನ ಅಂಚಿನ ಹಳ್ಳಿಗಳ ಬದುಕು

ಬೆಂಗಳೂರಿನ ಅಂಚಿನ ಯಾವುದಾದರೂ ಒಂದು ಸಣ್ಣ ಹಳ್ಳಿಯನ್ನು ತೆಗೆದುಕೊಳ್ಳಿ. ಆನೇಕಲ್ ಕಡೆಯದಾಗಲಿ, ಹೊಸಕೋಟೆ, ದೇವನಹಳ್ಳಿ, ನೆಲಮಂಗಲದ ಕಡೆಯದಾಗಲಿ. ಅಲ್ಲಿನ ಜಮೀನಿನ ಬಗ್ಗೆ ಏನು ಕೇಳಿದರೂ ಉತ್ತರ ಸಿಗುತ್ತದೆ. ಸರ್ವೆ ನಂಬರ್ ಎಷ್ಟು, ಎಷ್ಟು ಎಕರೆ ಎಷ್ಟು ಗುಂಟೆ, ಅದರಲ್ಲಿ ಖರಾಬು ಎಷ್ಟು, ಪಹಣಿ ಯಾರ ಹೆಸರಲ್ಲಿದೆ, ಪೋಡಿ ಆಗಿದೆಯಾ, ಚದರ ಅಡಿಗೆ ಈಗ ಏನು ರೇಟು ನಡೆಯುತ್ತಿದೆ, ಎಲ್ಲವೂ ಗೊತ್ತು. ಟೀ ಅಂಗಡಿಯಲ್ಲಿ ಕೂತವರೂ ಹೇಳುತ್ತಾರೆ. ಅದೇ ಊರಲ್ಲಿ ಈಗ ಎಷ್ಟು ಜನ ಇದ್ದಾರೆ ಎಂದು ಕೇಳಿ ನೋಡಿ. ಪಂಚಾಯಿತಿ ಕಚೇರಿಯಲ್ಲಿ ಸಿಗುವುದು 2011ರ ಅಂಕಿ.

2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ. ಮುಂದಿನದು 2027ರ ಮಾರ್ಚ್ 1ರ ಲೆಕ್ಕಕ್ಕೆ ನಡೆಯುತ್ತದೆ. ಅಂದರೆ ನಡುವೆ 16 ವರ್ಷ. ದೂರದ ಹಳ್ಳಿಗೆ ಈ 16 ವರ್ಷದಲ್ಲಿ ಅಂಥ ವ್ಯತ್ಯಾಸ ಆಗಿರಲಿಕ್ಕಿಲ್ಲ. ನಗರದ ಅಂಚಿನ ಹಳ್ಳಿಗೆ ಇದು ಒಂದು ಇಡೀ ಯುಗ. ದೇವನಹಳ್ಳಿಯ ವಿಮಾನ ನಿಲ್ದಾಣ ಅದಕ್ಕೂ ಮೊದಲೇ, 2008ರಲ್ಲಿ ಶುರುವಾಗಿತ್ತು. ಮೆಟ್ರೊ 2023ರಲ್ಲಿ ಕಾಡುಗೋಡಿಗೆ ಮುಟ್ಟಿತು, 2024ರಲ್ಲಿ ಮಾದಾವರಕ್ಕೆ, 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರಕ್ಕೆ. ಪ್ರತಿ ಸಲವೂ ನಿಲ್ದಾಣದ ಸುತ್ತ ಬಾಡಿಗೆ ಏರುತ್ತದೆ. ಆ ಬಾಡಿಗೆ ಕೊಡಲಾಗದವರು ಇನ್ನೂ ಎರಡು ಮೂರು ಕಿಲೋಮೀಟರ್ ಆಚೆಗೆ, ಇಂಥ ಹಳ್ಳಿಗಳಿಗೆ ಬರುತ್ತಾರೆ.

"ನಗರ ಹಳ್ಳಿಯನ್ನು ನುಂಗಿತು" ಎಂದು ಈ ಕತೆಯನ್ನು ಸಾಮಾನ್ಯವಾಗಿ ಹೇಳುತ್ತಾರೆ. ನನಗೆ ಅದು ಅರ್ಧ ಕತೆ ಅನ್ನಿಸುತ್ತದೆ. ಊರಿಗೆ ಸರ್ಕಾರದಿಂದ ಬರಬೇಕಾದ ನೀರು, ಅಂಗನವಾಡಿ, ಆಸ್ಪತ್ರೆ, ಅನುದಾನ ಎಲ್ಲ ತಲೆಲೆಕ್ಕದ ಮೇಲೆ ಬರುತ್ತವೆ. ಊರಿನಿಂದ ಹೊರಗೆ ಹೋಗುವುದು ಗುಂಟೆ ಲೆಕ್ಕದಲ್ಲಿ ಹೋಗುತ್ತದೆ. ಗುಂಟೆಯನ್ನು ಎಣಿಸುವವರು ತುಂಬ ಜನ ಇದ್ದಾರೆ. ತಲೆ ಎಣಿಸುವವರು ಯಾರೂ ಇಲ್ಲ. ಅಂಚಿನ ಊರಿನ ಮುಕ್ಕಾಲು ಪಾಲು ಕಷ್ಟ ಹುಟ್ಟುವುದು ಇಲ್ಲೇ.

ಒಂದೇ ಊರಲ್ಲಿ ನಾಲ್ಕು ಊರು

ಇಂಥ ಊರಿಗೆ ಹೋದವರಿಗೆ ಮೊದಲು ಕಾಣುವುದು ಹಳೇ ಊರು. ದಾಖಲೆಯಲ್ಲಿ ಇದು ಗ್ರಾಮಠಾಣ. ಕಿರಿದಾದ ಬೀದಿ, ಮಾರಮ್ಮನ ಗುಡಿ, ಅರಳಿಕಟ್ಟೆ, ಹಾಲಿನ ಡೈರಿ. ಊರಿನ ಮೂಲ ಕುಟುಂಬಗಳು ಇಲ್ಲಿವೆ. ಒಕ್ಕಲಿಗರು, ಕುರುಬರು, ಕೆಲವು ಕಡೆ ತರಕಾರಿ ಹೂವು ಬೆಳೆಯುವ ತಿಗಳರು, ಸ್ವಲ್ಪ ಮುಸ್ಲಿಂ ಮನೆಗಳು. ಊರಿನಿಂದ ತುಸು ದೂರಕ್ಕೆ ಕಾಲೋನಿ. ದಲಿತರ ಮನೆಗಳನ್ನು ಊರಾಚೆ ಇಟ್ಟ ಹಳೆಯ ಗೆರೆ ಇವತ್ತಿಗೂ ಇದೆ. ಸುತ್ತ ಲೇಔಟ್ ಬಂದು ಜಾಗವೆಲ್ಲ ತುಂಬಿದ್ದರಿಂದ ಹೊರಗಿನವರಿಗೆ ಕಾಣುವುದಿಲ್ಲ, ಅಷ್ಟೇ.

ಎರಡನೆಯದು ರೆವಿನ್ಯೂ ಸೈಟಿನವರ ಊರು, ಅಂದರೆ ಬಡಾವಣೆಗೆ ಒಪ್ಪಿಗೆ ಇಲ್ಲದೆ ಕೃಷಿ ಜಮೀನನ್ನೇ ತುಂಡು ಮಾಡಿ ಮಾರಿದ ಸೈಟು ಕೊಂಡವರದು. ಬೆಂಗಳೂರಿನ ಒಳಗೆ ಇಪ್ಪತ್ತು ಮೂವತ್ತು ವರ್ಷ ಬಾಡಿಗೆಗಿದ್ದವರು ಚೀಟಿ ಹಾಕಿ, ಒಡವೆ ಇಟ್ಟು, ಇಲ್ಲಿ ಒಂದು ಮೂವತ್ತು ನಲವತ್ತರ ಸೈಟು ತಗೊಂಡು ಮನೆ ಕಟ್ಟಿಕೊಂಡಿರುತ್ತಾರೆ. ಆಟೊ ಓಡಿಸುವವರು, ಗಾರ್ಮೆಂಟ್ಸ್‌ಗೆ ಹೋಗುವವರು, ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಕಾರ್ಖಾನೆ ಕೆಲಸದವರು, ಸಣ್ಣ ನೌಕರಿಯಿಂದ ನಿವೃತ್ತರಾದವರು. ತಮ್ಮ ಜೀವಮಾನದ ದುಡಿಮೆಯನ್ನು ಪೂರ್ತಿ ಈ ಊರಿಗೆ ತಂದು ಸುರಿದವರು ಇವರು.

ಮೂರನೆಯದು ಬಾಡಿಗೆಯವರ ಊರು. ಹಳೇ ಊರಿನ ಹಿತ್ತಲಲ್ಲಿ, ದನದ ಕೊಟ್ಟಿಗೆ ಇದ್ದ ಜಾಗದಲ್ಲಿ ಸಾಲು ರೂಮುಗಳು ಎದ್ದಿವೆ. ಹತ್ತಡಿ ಉದ್ದ ಹತ್ತಡಿ ಅಗಲ, ಮೇಲೆ ಶೀಟು, ನಾಲ್ಕೈದು ರೂಮಿಗೆ ಒಂದು ಶೌಚಾಲಯ. ಬಿಹಾರ, ಒಡಿಶಾ, ಬಂಗಾಳದ ಹುಡುಗರು ಒಂದೊಂದು ರೂಮಿನಲ್ಲಿ ನಾಲ್ಕೈದು ಜನ ಇರುತ್ತಾರೆ. ಇನ್ನೂ ಆಚೆಗೆ, ಖಾಲಿ ಸೈಟುಗಳಲ್ಲಿ ನೀಲಿ ಟಾರ್ಪಾಲಿನ ಶೆಡ್ಡುಗಳು. ಅವು ಹೆಚ್ಚಾಗಿ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳವು. ಕೆಲಸದ ಜಾಗದ ಹತ್ತಿರ ಕಾರ್ಮಿಕರಿಗೆ ಉಚಿತವಾಗಿ ತಾತ್ಕಾಲಿಕ ಮನೆ, ಕುಡಿಯುವ ನೀರು, ಶೌಚಾಲಯ ಕೊಡಬೇಕು, 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕು ಎಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲೇ ಬರೆದರು. ಶೆಡ್ಡಿನ ಪಕ್ಕದ ಚರಂಡಿ ನೋಡಿದರೆ ಆ ಕಾನೂನು ಎಷ್ಟು ದೂರ ಬಂದಿದೆ ಎಂದು ತಿಳಿಯುತ್ತದೆ.

ನಾಲ್ಕನೆಯದು ಗೇಟಿನ ಒಳಗಿನ ಊರು. ಅಪಾರ್ಟ್‌ಮೆಂಟು, ವಿಲ್ಲಾ. ಇವರ ವಿಳಾಸದಲ್ಲಿ ಹಳ್ಳಿಯ ಹೆಸರು ಇರುತ್ತದೆ, ಊರಿನ ಸಂಪರ್ಕ ಇರುವುದಿಲ್ಲ. ಆದರೂ ಇವರನ್ನು ದೂರುವುದರಲ್ಲಿ ಅರ್ಥವಿಲ್ಲ. ಸಾಲ ಮಾಡಿ ಮನೆ ಕೊಂಡಿರುತ್ತಾರೆ, ನೀರಿಗೆ ಅವರೂ ಟ್ಯಾಂಕರ್ ಕಾಯುತ್ತಾರೆ.

ಈ ನಾಲ್ಕು ಊರಿನವರು ಒಟ್ಟಿಗೆ ಸೇರುವ ಜಾಗ ತುಂಬ ಕಡಿಮೆ. ಸರ್ಕಾರಿ ಶಾಲೆ ನೋಡಿದರೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಊರಿನ ಮೂಲ ಕುಟುಂಬಗಳ ಮಕ್ಕಳು ಬೆಳಿಗ್ಗೆ ಹಳದಿ ವ್ಯಾನು ಹತ್ತಿ ಇಂಗ್ಲಿಷ್ ಮೀಡಿಯಂಗೆ ಹೋಗುತ್ತಾರೆ. ಊರವರೇ ಜಾಗ ಕೊಟ್ಟು ಕಟ್ಟಿಸಿದ ಕನ್ನಡ ಶಾಲೆಯಲ್ಲಿ ಯಾದಗಿರಿಯ ಮಗು, ಬಿಹಾರದ ಮಗು, ನೇಪಾಳದ ವಾಚ್‌ಮನ್ನಿನ ಮಗು ಪಕ್ಕಪಕ್ಕ ಕೂತು ಕಾಗುಣಿತ ಬರೆಯುತ್ತಿರುತ್ತಾರೆ. ಎಷ್ಟೋ ಶಾಲೆಗಳು ಮುಚ್ಚದೆ ಉಳಿದಿರುವುದು ಈ ಮಕ್ಕಳಿಂದಲೇ. ಅಪ್ಪ ಅಮ್ಮನ ಕೆಲಸ ಮುಗಿದು ಶೆಡ್ಡು ಕಿತ್ತರೆ ವರ್ಷದ ನಡುವೆಯೇ ಮಗು ಕಾಣೆ. ಮೇಷ್ಟ್ರಿಗೆ ಎಲ್ಲಿ ಹೋಯಿತು ಎಂದು ತಿಳಿಯುವ ದಾರಿಯೂ ಇರುವುದಿಲ್ಲ. ಅಂಚಿನ ಊರಿನ ಸಮಸ್ಯೆಗಳಲ್ಲಿ ನನ್ನನ್ನು ಬಹಳ ಕಾಡುವುದು ಇದೇ. ರಸ್ತೆ ನಾಳೆ ಹಾಕಬಹುದು, ಪೈಪು ಮುಂದಿನ ವರ್ಷ ಎಳೆಯಬಹುದು. ಮೂರು ಊರಿನ ಮೂರು ಶಾಲೆಯಲ್ಲಿ ಅರ್ಧರ್ಧ ವರ್ಷ ಕಳೆದ ಮಗುವಿನ ಓದನ್ನು ಆಮೇಲೆ ಸರಿಮಾಡುವುದು ಬಹಳ ಕಷ್ಟ.

ಮೂಲ ಕುಟುಂಬಗಳ ಒಳಗೂ ಬದುಕು ನೆಮ್ಮದಿಯಾಗಿದೆ ಎಂದುಕೊಳ್ಳಬೇಡಿ. ಜಮೀನು ಮಾರಿದವರೆಲ್ಲ ಸಾಹುಕಾರರಾದರು ಎಂಬ ಮಾತು ನಗರದಲ್ಲಿ ಬೇಗ ಹಬ್ಬುತ್ತದೆ. ದೊಡ್ಡ ಹಿಡುವಳಿ ಇದ್ದವರು, ರಸ್ತೆ ಬದಿಗೆ ಜಮೀನು ಇದ್ದವರು, ಅವಸರಪಡದೆ ಕಾಯಲು ಸಾಧ್ಯವಾದವರು ಗೆದ್ದರು. ಮಗಳ ಮದುವೆಗೆ, ಸಾಲಕ್ಕೆ, ಆಸ್ಪತ್ರೆ ಖರ್ಚಿಗೆ ಬೇಗ ಮಾರಿದವರು ಅದೇ ಜಮೀನು ಎರಡು ಮೂರು ಕೈ ಬದಲಾಗಿ ಹತ್ತಾರು ಪಟ್ಟು ಬೆಲೆಗೆ ಹೋಗುವುದನ್ನು ಕಣ್ಣಾರೆ ನೋಡಿದರು. ಇವತ್ತು ಅವರ ಮಕ್ಕಳು ಅದೇ ಜಾಗದ ಮೇಲೆ ಎದ್ದ ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ ಕೆಲಸ ಮಾಡುತ್ತಿರುವ ಊರುಗಳಿವೆ.

ಇನ್ನೊಂದು ವಿಷಯ ಮನೆಗಳ ಒಳಗೆ ನಡೆಯುತ್ತಿದೆ. ಕರ್ನಾಟಕದಲ್ಲಿ ಹಿಂದೂ ಕುಟುಂಬಗಳ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು 1994ರಲ್ಲೇ ಬಂತು, ದೇಶಕ್ಕೆಲ್ಲ 2005ರಲ್ಲಿ. ತಂದೆ 2005ಕ್ಕೆ ಮೊದಲೇ ತೀರಿಹೋಗಿದ್ದರೂ ಮಗಳಿಗೆ ಹಕ್ಕಿದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು. ರಾಗಿ ಬೆಳೆಯುವ ಕಾಲದಲ್ಲಿ ಅಕ್ಕತಂಗಿಯರು ಪಾಲು ಕೇಳುತ್ತಿದ್ದದ್ದು ಕಡಿಮೆ. ಗುಂಟೆಗೆ ಲಕ್ಷಗಟ್ಟಲೆ ಬೆಲೆ ಬಂದ ಮೇಲೆ ಬಿಲ್ಡರ್‌ಗೂ ಅವರ ಸಹಿ ಬೇಕು, ಬ್ಯಾಂಕಿಗೂ ಬೇಕು. ಅಣ್ಣ ತಂಗಿಯ ಮನೆಗೆ ಹೋಗಿ ಅರಿಶಿನ ಕುಂಕುಮದ ಜೊತೆ ಹಕ್ಕು ಬಿಡುಗಡೆ ಪತ್ರವನ್ನೂ ಮುಂದಿಡುತ್ತಾನೆ. ಕೆಲವರು ಸಹಿ ಹಾಕುತ್ತಾರೆ, ಕೆಲವರು ಕೋರ್ಟಿಗೆ ಹೋಗುತ್ತಾರೆ. ಪಾಲಿನ ಕೇಸಿಲ್ಲದ ಮನೆ ಸಿಗುವುದೇ ಕಷ್ಟ ಎನ್ನುವ ಹಾಗಾಗಿದೆ ಕೆಲವು ಊರು. ಇದಕ್ಕೆ "ಹೆಣ್ಣುಮಕ್ಕಳು ಆಸೆಬುರುಕರಾದರು" ಎಂದು ಹೇಳುವವರನ್ನು ನಾನು ಒಪ್ಪುವುದಿಲ್ಲ. ಹಕ್ಕು ಮೊದಲೇ ಇತ್ತು, ಅದನ್ನು ಕೇಳುವ ಕಾಲ ಈಗ ಬಂತು.

ನೀರು: 55 ಲೀಟರಿನ ಊರು, 135 ಲೀಟರಿನ ನಗರ

ಹಳ್ಳಿ ಎಂದು ಲೆಕ್ಕಕ್ಕೆ ಸೇರಿದ ಊರಿಗೆ ಜಲಜೀವನ ಯೋಜನೆಯಡಿ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು. ಒಳಚರಂಡಿ ಇರುವ ನಗರಕ್ಕೆ ದೇಶದಲ್ಲಿ ಒಪ್ಪಿಕೊಂಡ ಅಳತೆ 135 ಲೀಟರ್. ರಸ್ತೆಯ ಈ ಬದಿ ಪಾಲಿಕೆ, ಆ ಬದಿ ಪಂಚಾಯಿತಿ ಆದರೆ ಎರಡು ಮನೆಯವರ ಬಾಯಾರಿಕೆಗೆ ಎರಡು ಅಳತೆ.

ಇದರ ಜೊತೆಗೆ ಹಳೆಯ ಜನಸಂಖ್ಯೆ ಸೇರಿದರೆ ಏನಾಗುತ್ತದೆ ನೋಡಿ. ಲೆಕ್ಕಕ್ಕೆಂದು ಒಂದು ಊರು ಇಟ್ಟುಕೊಳ್ಳೋಣ. 2011ರಲ್ಲಿ 1,500 ಜನ, ಈಗ ಬಾಡಿಗೆಯವರು ಶೆಡ್ಡಿನವರು ಎಲ್ಲ ಸೇರಿ 6,000. ಹಳೆಯ ಅಂಕಿಗೆ ಟ್ಯಾಂಕು ಕಟ್ಟಿದ್ದರೆ ದಿನಕ್ಕೆ 82,500 ಲೀಟರ್ ಬರುತ್ತದೆ. ಅದನ್ನು 6,000 ಜನ ಹಂಚಿಕೊಂಡರೆ ತಲೆಗೆ 14 ಲೀಟರ್ ಕೂಡ ಇಲ್ಲ. ಅದೇ ಜನ ನಗರದವರು ಎಂದು ಎಣಿಸಲ್ಪಟ್ಟಿದ್ದರೆ 8,10,000 ಲೀಟರ್ ಸಿಗಬೇಕಿತ್ತು. ಹೆಚ್ಚುಕಡಿಮೆ ಹತ್ತು ಪಟ್ಟು. ಈ ಅಂತರವನ್ನು ತುಂಬುವುದು ಬೋರು ಮತ್ತು ಟ್ಯಾಂಕರ್.

ಬೋರಿನ ಸ್ಥಿತಿ ಎಲ್ಲರಿಗೂ ಗೊತ್ತಿರುವುದೇ. ಬೆಂಗಳೂರಿನ ಸುತ್ತ ಸಾವಿರ ಅಡಿ ದಾಟಿ ಕೊರೆಯುವುದು ಈಗ ಮಾಮೂಲಿ. ಆನೇಕಲ್, ಹೊಸಕೋಟೆ, ದೇವನಹಳ್ಳಿ ತಾಲ್ಲೂಕುಗಳು ಅಂತರ್ಜಲ ಅತಿಯಾಗಿ ಬಳಕೆಯಾದ ಪಟ್ಟಿಯಲ್ಲಿವೆ. ಅಂದರೆ ಮಳೆಯಿಂದ ವರ್ಷಕ್ಕೆ ಇಂಗುವುದಕ್ಕಿಂತ ಜಾಸ್ತಿ ಮೇಲೆತ್ತುತ್ತಿದ್ದೇವೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಒಣಗಿದವು. ಆ ಮಾರ್ಚ್‌ನಲ್ಲಿ ಜಿಲ್ಲಾಡಳಿತ ಟ್ಯಾಂಕರ್‌ಗೆ ದರ ಕಟ್ಟಬೇಕಾಯಿತು. 5 ಕಿಲೋಮೀಟರ್ ಒಳಗಾದರೆ 6,000 ಲೀಟರಿನ ಟ್ಯಾಂಕರ್‌ಗೆ 600 ರೂಪಾಯಿ. ಸಾವಿರ ಲೀಟರ್‌ಗೆ 100 ರೂಪಾಯಿ ಆಯಿತು. ಆಗ ಜಲಮಂಡಳಿಯ ನಲ್ಲಿ ಇದ್ದ ಮನೆಗೆ ಮೊದಲ 8,000 ಲೀಟರಿನವರೆಗೆ ಸಾವಿರ ಲೀಟರ್‌ಗೆ 7 ರೂಪಾಯಿ ದರ ಇತ್ತು. ಶೀಟಿನ ರೂಮಿನಲ್ಲಿರುವ ಗಾರ್ಮೆಂಟ್ಸ್ ಹೆಣ್ಣುಮಗಳು ನೀರಿಗೆ ಕೊಡುವ ಬೆಲೆ ನಗರದ ಮಧ್ಯದ ಬಂಗಲೆಯವರು ಕೊಡುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಇದು ಅನ್ಯಾಯ. ಇದಕ್ಕೆ ಬೇರೆ ಹೆಸರು ಹುಡುಕುವ ಅಗತ್ಯ ಇಲ್ಲ.

ಆ ಟ್ಯಾಂಕರ್ ನೀರು ಬರುವುದೂ ಇದೇ ಹಳ್ಳಿಗಳ ಹೊಲಗಳಿಂದ. ರಾಗಿ, ಅವರೆ, ದ್ರಾಕ್ಷಿ, ಗುಲಾಬಿ ಈರುಳ್ಳಿ ಬೆಳೆಯುತ್ತಿದ್ದ ರೈತನಿಗೆ ಈಗ ಬೆಳೆಗಿಂತ ಬೋರಿನ ನೀರು ಮಾರುವುದು ಸುಲಭದ ಆದಾಯ. ಅವನನ್ನು ತಪ್ಪಿತಸ್ಥ ಮಾಡಲು ನನಗೆ ಮನಸ್ಸಿಲ್ಲ. ಆದರೆ ಒಬ್ಬನ ಬೋರು ಹಗಲುರಾತ್ರಿ ಓಡಿದರೆ ಪಕ್ಕದ ಹೊಲದವನ ಬೋರು ಒಣಗುತ್ತದೆ. ಪಂಚಾಯಿತಿಯ ಬೋರೂ ಒಣಗುತ್ತದೆ. ನೀರುಗಂಟಿ ವಾಲ್ವು ತಿರುಗಿಸುವುದು ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಮ್ಮೆ. ಯಾವ ಬೀದಿಗೆ ಮೊದಲು ಬಿಡಬೇಕು ಎಂಬ ಜಗಳದಲ್ಲಿ ಕಾಲೋನಿಯ ಸರದಿ ಕೊನೆಗೆ ಬೀಳುತ್ತದೆ.

ಕೊಳಚೆಯ ಕತೆ ಚಿಕ್ಕದು. ಒಳಚರಂಡಿ ಇಲ್ಲ. ಪ್ರತಿ ಮನೆಗೂ ಒಂದು ಗುಂಡಿ, ಅದು ತುಂಬಿದಾಗ ಗಾಡಿಯವನಿಗೆ ಫೋನು. ಗಾಡಿ ತುಂಬಿಕೊಂಡದ್ದು ರಾಜಕಾಲುವೆಗೋ ಕೆರೆ ಅಂಗಳಕ್ಕೋ ಹೋಗುತ್ತದೆ. ಗುಂಡಿಯಿಂದ ಇಂಗಿದ್ದು ಬೋರಿನ ನೀರಿಗೆ ಸೇರಿ ನೈಟ್ರೇಟ್ ಏರುತ್ತದೆ. ಎಳೆ ಮಕ್ಕಳಿಗೆ ಅದು ಅಪಾಯ. ನಗರದ್ದೇ ಕೊಳಚೆ ಹೊತ್ತು ತರುವ ವೃಷಭಾವತಿ ಬಿಡದಿ ಹತ್ತಿರದ ಭೈರಮಂಗಲ ಕೆರೆಯನ್ನು ಏನು ಮಾಡಿತು ಎಂದು ಆ ಭಾಗದ ರೈತರನ್ನು ಕೇಳಬೇಕು. ಕಸದ ವಿಷಯವೂ ಹಾಗೇ. ಮಾವಳ್ಳಿಪುರ, ಆಮೇಲೆ ಮಂಡೂರು. ಇಡೀ ನಗರದ ಕಸ ವರ್ಷಗಟ್ಟಲೆ ಈ ಊರುಗಳ ಮುಂದೆ ಬಂದು ಬಿತ್ತು. 2014ರಲ್ಲಿ ಮಂಡೂರಿನ ಜನ ಲಾರಿಗಳಿಗೆ ಅಡ್ಡ ನಿಂತ ಮೇಲೆಯೇ, ಡಿಸೆಂಬರ್ 1ರಿಂದ ಅಲ್ಲಿಗೆ ಕಸ ಹೋಗುವುದು ನಿಂತದ್ದು.

ಕಾಗದ ಇದ್ದವರು, ಇಲ್ಲದವರು

ಅಂಚಿನ ಊರಿನಲ್ಲಿ ಜಾತಿ, ಹಣದ ಜೊತೆಗೆ ಮೂರನೆಯ ಒಂದು ಅಂತಸ್ತು ಇದೆ. ಅದು ಕಾಗದ. ಮನೆ ಗ್ರಾಮಠಾಣದ ಒಳಗಿದ್ದರೆ, ಅಥವಾ ಭೂಪರಿವರ್ತನೆಯಾಗಿ ಬಡಾವಣೆ ನಕ್ಷೆಗೆ ಒಪ್ಪಿಗೆ ಸಿಕ್ಕಿದ್ದರೆ ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನಲ್ಲಿ ಫಾರಂ 9 ಮತ್ತು 11ಎ ಬರುತ್ತದೆ. ಬ್ಯಾಂಕು ಸಾಲ ಕೊಡುತ್ತದೆ. ಕೃಷಿ ಜಮೀನನ್ನೇ ತುಂಡು ಮಾಡಿ ಮಾರಿದ ರೆವಿನ್ಯೂ ಸೈಟಾದರೆ 11ಬಿ, ಅಂದರೆ ಒಪ್ಪಿಗೆ ಇಲ್ಲದ ಆಸ್ತಿಯ ಫಾರಂ. 2025ರಲ್ಲಿ ಪಂಚಾಯತ್ ರಾಜ್ ಕಾಯ್ದೆಗೆ ತಿದ್ದುಪಡಿ ತಂದು ಇಂಥ ಆಸ್ತಿಗಳಿಗೂ ತೆರಿಗೆ ಹಾಕಿ ದಾಖಲೆ ಕೊಡುವ ದಾರಿ ಮಾಡಿದರು. ಅದೇ ವರ್ಷ ಪಟ್ಟಣಗಳಲ್ಲಿ ಒಪ್ಪಿಗೆ ಇಲ್ಲದ ಆಸ್ತಿಗಳಿಗೆ ಬಿ ಖಾತೆ ಕೊಡುವ ಅಭಿಯಾನವೂ ನಡೆಯಿತು.

ಇದು ಒಳ್ಳೆಯದೇ. ಸುಮ್ನೆ ಕಾನೂನುಬಾಹಿರ ಎಂದು ಹೇಳಿ ಲಕ್ಷಾಂತರ ಮನೆಗಳನ್ನು ಇಲ್ಲವೆಂದು ನಟಿಸುವುದರಿಂದ ಯಾರಿಗೂ ಲಾಭ ಆಗಿರಲಿಲ್ಲ. ಮನೆ ಕಟ್ಟಿಕೊಂಡವರು ಮೋಸ ಮಾಡಿದವರಲ್ಲ. ಒಪ್ಪಿಗೆ ಪಡೆದ ಬಡಾವಣೆಯ ಸೈಟು ಅವರ ಕೈಗೆ ಎಟುಕುತ್ತಿರಲಿಲ್ಲ. ನನ್ನ ತಕರಾರು ಬೇರೆ. ಖಾತೆ ಕೊಡುವಾಗ ತೆರಿಗೆ ಲೆಕ್ಕ ಹಾಕಿದರು, ಆ ಬಡಾವಣೆಯ ಚರಂಡಿ ಎಲ್ಲಿಗೆ ಸೇರುತ್ತದೆ ಎಂದು ಲೆಕ್ಕ ಹಾಕಲಿಲ್ಲ. ಸೈಟು ಮಾರಿದವರು ರಸ್ತೆಗೆಂದು ಇಪ್ಪತ್ತು ಅಡಿ ಬಿಟ್ಟು ಹೋಗಿರುತ್ತಾರೆ, ಪಾರ್ಕು ಇಲ್ಲ, ಆಟದ ಜಾಗ ಇಲ್ಲ, ಮಳೆನೀರು ಹೋಗುವ ದಾರಿಯ ಮೇಲೇ ಸೈಟು. ಮಾರಿದವರು ಹಣ ತಗೊಂಡು ಮುಂದಿನ ಊರಿಗೆ ಹೋದ ಮೇಲೆ ಆ ಕೊರತೆಯನ್ನೆಲ್ಲ ತುಂಬಿಕೊಡಬೇಕಾದದ್ದು ಪಂಚಾಯಿತಿ. ಅದರ ಕೈಯಲ್ಲಿರುವುದು ಒಬ್ಬ ಪಿಡಿಒ, ಕೆಲವು ಸಿಬ್ಬಂದಿ, ಹಳೆಯ ಜನಸಂಖ್ಯೆಯ ಅನುದಾನ. 15ನೇ ಹಣಕಾಸು ಆಯೋಗವೂ ಸ್ಥಳೀಯ ಸಂಸ್ಥೆಗಳ ಅನುದಾನಕ್ಕೆ ಹಿಡಿದದ್ದು 2011ರ ಜನಸಂಖ್ಯೆಯನ್ನೇ.

ಕಾಗದದ ಆಟದಲ್ಲಿ ಪೂರ್ತಿ ಸೋತವರು ಭೂಮಿಯೇ ಇಲ್ಲದವರು. ಅವರ ಬದುಕು ನಿಂತಿದ್ದದ್ದು ಊರೊಟ್ಟಿನ ಜಾಗದ ಮೇಲೆ. ಗೋಮಾಳದಲ್ಲಿ ಎರಡು ಮೇಕೆ ಒಂದು ಹಸು ಮೇಯಿಸುತ್ತಿದ್ದರು, ಗುಂಡುತೋಪಿನಲ್ಲಿ ಸೌದೆ ಆರಿಸುತ್ತಿದ್ದರು, ಕೆರೆಯಲ್ಲಿ ಮೀನು, ದಂಡೆಯಲ್ಲಿ ಹುಲ್ಲು. ಗೋಮಾಳ ಕೈಗಾರಿಕೆಗೋ ಬಡಾವಣೆಗೋ ಹೋದಾಗ ಪರಿಹಾರದ ಪಟ್ಟಿಯಲ್ಲಿ ಇವರ ಹೆಸರು ಇರುವುದಿಲ್ಲ, ಏಕೆಂದರೆ ಪಹಣಿಯಲ್ಲಿ ಇವರು ಇಲ್ಲ. ಜಮೀನು ಹೋದ ರೈತ ಪರಿಹಾರ ಸಾಲದೆಂದು ಹೋರಾಡಬಹುದು. ಮೇವು ಹೋದ ಹೆಂಗಸು ಏನೆಂದು ಹೋರಾಡಬೇಕು? ಹಳ್ಳಿಗಳ ಸಾಮೂಹಿಕ ಜಾಗದ ಒತ್ತುವರಿ ತೆರವು ಮಾಡಿ ಊರಿಗೆ ಮರಳಿಸಿ ಎಂದು 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿತು. ಅಂಚಿನ ಊರುಗಳಲ್ಲಿ ಸ್ಮಶಾನಕ್ಕೂ ಜಾಗ ಉಳಿಯದೆ ಹೆಣ ಇಟ್ಟುಕೊಂಡು ರಸ್ತೆಯಲ್ಲಿ ಕೂರುವ ಸಂದರ್ಭಗಳು ಇನ್ನೂ ಬರುತ್ತಿವೆ. ದಲಿತರಿಗೆ ಸರ್ಕಾರ ಕೊಟ್ಟ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಬೇರೆಯವರು ಕೊಳ್ಳದಂತೆ 1978ರ ಪಿಟಿಸಿಎಲ್ ಕಾಯ್ದೆ ತಡೆಯುತ್ತದೆ. ಕೇಸು ಹಾಕಲು ತಡವಾಯಿತು ಎಂಬ ಕಾರಣಕ್ಕೆ ಹಕ್ಕು ಹೋಗದಂತೆ 2023ರಲ್ಲಿ ಅದಕ್ಕೆ ತಿದ್ದುಪಡಿಯೂ ಬಂತು. ಬೆಲೆ ಏರಿದ ಊರುಗಳಲ್ಲಿ ಈ ಕಾಯ್ದೆಯ ಕೆಲಸ ಈಗಲೇ ಜಾಸ್ತಿ.

ಊರವರೆಲ್ಲ ಮಾರಿ ಹೋಗಲು ಕಾಯುತ್ತಿದ್ದಾರೆ ಎಂಬುದೂ ಸುಳ್ಳು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆ ತೆಗೆದುಕೊಳ್ಳಲು ಹೊರಟಾಗ ಅಲ್ಲಿನ ರೈತರು ಮೂರು ವರ್ಷಕ್ಕೂ ಮೀರಿ ಹೋರಾಡಿದರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಡುವುದಾಗಿ ಪ್ರಕಟಿಸಿದರು. ವಿಮಾನ ನಿಲ್ದಾಣದ ಪಕ್ಕದಲ್ಲೇ ಇದ್ದು ತರಕಾರಿ, ಹೂವು, ಹಾಲು ಮಾರಿ ಬದುಕುವ ಕುಟುಂಬಗಳು ಅವು. ನಗರದ ಪಕ್ಕದ ಕೃಷಿಗೆ ಮಾರುಕಟ್ಟೆ ಹತ್ತಿರ ಇದೆ, ದಿನದ ಕಾಸು ದಿನ ಬರುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಹಳ್ಳಿಯಾಗಿ ಉಳಿಯಬೇಕೋ, ನಗರಕ್ಕೆ ಸೇರಬೇಕೋ?

ಈ ಪ್ರಶ್ನೆ ಪ್ರತಿ ಊರಿನ ಕಟ್ಟೆಯಲ್ಲೂ ಇದೆ. ನಗರಕ್ಕೆ ಸೇರಿದರೆ ಮನೆಗಂದಾಯ ಏರುತ್ತದೆ. ಉದ್ಯೋಗ ಖಾತ್ರಿ ಕೆಲಸ ಗ್ರಾಮಾಂತರಕ್ಕೆ ಮಾತ್ರ, ಅದು ನಿಲ್ಲುತ್ತದೆ. ಗ್ರಾಮಸಭೆ ಹೋಗುತ್ತದೆ. ಪಂಚಾಯಿತಿಯಲ್ಲಿ ಸುಮಾರು 400 ಜನಕ್ಕೆ ಒಬ್ಬ ಸದಸ್ಯ ಇರುತ್ತಾನೆ, ಅರ್ಧದಷ್ಟು ಸ್ಥಾನ ಹೆಂಗಸರಿಗಿದೆ. ನಲ್ಲಿ ಕೆಟ್ಟರೆ ಸದಸ್ಯೆಯ ಮನೆ ಬಾಗಿಲಿಗೇ ಹೋಗಿ ಕೇಳಬಹುದು. ಪಾಲಿಕೆಯ ವಾರ್ಡಿನಲ್ಲಿ ಅದು ಆಗುವುದಿಲ್ಲ. ಇನ್ನು ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ.

ಸೇರಿದವರ ಅನುಭವ ನಮ್ಮ ಕಣ್ಣಮುಂದೆ ಇದೆ. 2007ರಲ್ಲಿ 7 ನಗರಸಭೆ, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದರು. ಆ 110 ಹಳ್ಳಿಗಳಿಗೆಂದೇ ಯೋಜಿಸಿದ ಕಾವೇರಿ ಐದನೇ ಹಂತ, ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ, ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. 17 ವರ್ಷ. ಆ ಹಳ್ಳಿಗಳಲ್ಲಿ 2007ರಲ್ಲಿ ಹುಟ್ಟಿದ ಮಗು ಪಿಯುಸಿ ಓದುವಾಗ ಕಾವೇರಿ ಬಂತು. ಅಲ್ಲಿಯವರೆಗೆ ತೆರಿಗೆ ನಗರದ್ದು, ನೀರು ಟ್ಯಾಂಕರಿನದು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯನ್ನು ಒಡೆದು ಐದು ಪಾಲಿಕೆ ಮಾಡಿ, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಇಟ್ಟಿದ್ದಾರೆ. ಸದ್ಯಕ್ಕೆ ಅವು ಹಳೆಯ ಗಡಿಯೊಳಗೇ ಇವೆ. ಇನ್ನಷ್ಟು ಊರು ಸೇರಿಸುವ ಮಾತು ಆಗಾಗ ಕೇಳುತ್ತದೆ.

ಹೀಗಾಗಿ ಹಳ್ಳಿಯೋ ನಗರವೋ ಎಂಬ ಪ್ರಶ್ನೆಗೆ ನಾನು ಅಷ್ಟು ತೂಕ ಕೊಡುವುದಿಲ್ಲ. ಬೋರ್ಡು ಬದಲಾದರೆ ಪೈಪು ತಾನಾಗಿ ಬರುವುದಿಲ್ಲ ಎಂದು 110 ಹಳ್ಳಿಗಳು ತೋರಿಸಿವೆ. ಊರು ಯಾವ ಆಡಳಿತದ ಕೆಳಗೇ ಇರಲಿ, ಮೊದಲು ಅಲ್ಲಿ ಬದುಕುತ್ತಿರುವ ಜನ ಇಷ್ಟು ಎಂಬುದು ಸರ್ಕಾರದ ಪುಸ್ತಕಕ್ಕೆ ಬರಬೇಕು. 400ರಿಂದ 800 ಜನಕ್ಕೆ ಒಂದು ಅಂಗನವಾಡಿ, 5,000 ಜನಕ್ಕೆ ಒಂದು ಆರೋಗ್ಯ ಉಪಕೇಂದ್ರ, 30,000ಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಈ ಅಳತೆಗಳೆಲ್ಲ ಈಗಾಗಲೇ ಇವೆ. ಹೊಸ ಯೋಜನೆ ಹುಟ್ಟಿಸಬೇಕಿಲ್ಲ. 1,500 ಎಂದು ಬರೆದ ಊರಿಗೆ ಎರಡು ಅಂಗನವಾಡಿ ಸಿಗುತ್ತದೆ, 6,000 ಎಂದು ಬರೆದರೆ ಏಳೆಂಟು.

ಅದಕ್ಕೇ ಈ ಜನಗಣತಿ ಅಂಚಿನ ಊರುಗಳಿಗೆ ಬಹಳ ಮುಖ್ಯ. ಆಡಳಿತದ ಗಡಿಗಳನ್ನು 2025ರ ಕೊನೆಗೇ ಸ್ಥಿರ ಮಾಡಿದ್ದಾರೆ. ಆಮೇಲೆ ಯಾವ ಊರು ಪಟ್ಟಣವಾದರೂ ಈ ಎಣಿಕೆಯಲ್ಲಿ ಹಳ್ಳಿಯಾಗಿಯೇ ಬರುತ್ತದೆ. ಆದರೂ 5,000 ಜನ, ಚದರ ಕಿಲೋಮೀಟರ್‌ಗೆ 400 ಜನ, ದುಡಿಯುವ ಗಂಡಸರಲ್ಲಿ ಮುಕ್ಕಾಲು ಪಾಲು ಕೃಷಿಯ ಹೊರಗೆ ಎಂಬ ಮೂರೂ ಇದ್ದರೆ ಪಂಚಾಯಿತಿಯಲ್ಲಿದ್ದರೂ ಅದನ್ನು ಗಣತಿ ಪಟ್ಟಣ ಎಂದು ಗುರುತಿಸುವ ಪದ್ಧತಿ ಇದೆ. ಇಂಥ ಪಟ್ಟಣಗಳು ದೇಶದಲ್ಲಿ 2001ರಲ್ಲಿ 1,362 ಇದ್ದವು, 2011ಕ್ಕೆ 3,900ರ ಹತ್ತಿರ ಬಂದವು. ಆ ಪಟ್ಟಿಗೆ ಬಂದರೆ ಊರಿಗೆ ಕೇಳಲು ಒಂದು ಆಧಾರ ಸಿಗುತ್ತದೆ.

ತೊಂದರೆ ಇರುವುದು ಮನೆ ಬಾಗಿಲಲ್ಲಿ. ಮನೆಪಟ್ಟಿ ಮಾಡಲು 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿ ಗೊತ್ತು ಮಾಡಿದ್ದಾರೆ, ಜನರ ಎಣಿಕೆ 2027ರ ಫೆಬ್ರವರಿಯಲ್ಲಿ. ಹಿತ್ತಲಲ್ಲಿ ಹತ್ತು ರೂಮು ಬಾಡಿಗೆಗೆ ಕೊಟ್ಟ ಮಾಲೀಕರು ಎಲ್ಲಿ ತೆರಿಗೆ ಹಾಕುತ್ತಾರೋ ಎಂದು ಹೆದರಿ "ನಮ್ಮದೊಂದೇ ಮನೆ" ಎಂದುಬಿಡುವ ಸಾಧ್ಯತೆ ಇದೆ. ಜನಗಣತಿಯಲ್ಲಿ ಒಂದು ಅಡುಗೆಯಲ್ಲಿ ಉಣ್ಣುವವರು ಒಂದು ಕುಟುಂಬ. ಹತ್ತು ರೂಮಿನಲ್ಲಿ ಹತ್ತು ಒಲೆ ಇದ್ದರೆ ಹತ್ತು ಕುಟುಂಬ ಎಂದೇ ಬರೆಯಬೇಕು. ಹೆದರಿಕೆಗೆ ಕಾರಣವೂ ಇಲ್ಲ. 1948ರ ಜನಗಣತಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಅಲ್ಲಿ ಹೇಳಿದ ವಿವರವನ್ನು ಬೇರೆಯವರು ನೋಡುವಂತಿಲ್ಲ, ಸಾಕ್ಷಿಯಾಗಿ ಬಳಸುವಂತಿಲ್ಲ. ಇದನ್ನು ಪ್ರತಿ ಬೀದಿಯಲ್ಲೂ ಯಾರಾದರೂ ಹೇಳಬೇಕು.

ಶೆಡ್ಡಿನವರ ವಿಷಯದಲ್ಲಿ ಕಾಲ ಅನುಕೂಲವಾಗಿದೆ. ಕಲ್ಯಾಣ ಕರ್ನಾಟಕದ ಕುಟುಂಬಗಳು ಸುಗ್ಗಿ ಮುಗಿಸಿ ಬೆಂಗಳೂರಿಗೆ ಬರುವುದರಿಂದ ಫೆಬ್ರವರಿಯಲ್ಲಿ ಇಲ್ಲೇ ಇರುತ್ತಾರೆ. 2011ರಲ್ಲಿ ಫೆಬ್ರವರಿ 9ರಿಂದ 28ರವರೆಗೆ ಎಣಿಕೆ ನಡೆದಾಗ ಆ ಅವಧಿ ಪೂರ್ತಿ ಒಂದು ಕಡೆ ಇದ್ದವರನ್ನು ಅಲ್ಲಿಯೇ ಬರೆದುಕೊಂಡರು. "ನಿಮ್ಮ ಊರು ಯಾವುದು" ಎಂದು ಕೇಳಿದರೆ ಅವರು ಯಾದಗಿರಿ ಎಂದೇ ಹೇಳುತ್ತಾರೆ. "ಈಗ ಎಲ್ಲಿ ಇದ್ದೀರಿ, ಎಷ್ಟು ದಿನದಿಂದ ಇದ್ದೀರಿ" ಎಂದು ಕೇಳಬೇಕು. ಯಾವ ಖಾಲಿ ಸೈಟಿನ ಹಿಂದೆ ಎಷ್ಟು ಶೆಡ್ಡು ಇದೆ ಎಂದು ಎಣಿಕೆಗೆ ಬರುವ ಮೇಷ್ಟ್ರಿಗೆ ಗೊತ್ತಿರುವುದಿಲ್ಲ. ಆಶಾ ಕಾರ್ಯಕರ್ತೆಗೆ ಗೊತ್ತು, ಅಂಗನವಾಡಿ ಟೀಚರಿಗೆ ಗೊತ್ತು, ಕಿರಾಣಿ ಅಂಗಡಿಯವರಿಗೂ ಗೊತ್ತು. ಇವರು ಮೂವರು ಒಂದು ದಿನ ಜೊತೆಗೆ ನಡೆದರೆ ಆ ಶೆಡ್ಡುಗಳಲ್ಲಿ ಇರುವವರೂ ಊರಿನ ಲೆಕ್ಕಕ್ಕೆ ಬರುತ್ತಾರೆ.